ಅಮೆರಿಕಕ್ಕೆ ಬಾಳಸಂಗಾತಿಯನ್ನು ಕರೆತರುವ ದಾರಿ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ವಿದೇಶದಲ್ಲಿರುವ ಪತಿ, ಪತ್ನಿ ಅಥವಾ ಮದುವೆಯಾಗಲಿರುವ ಸಂಗಾತಿಯನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಬಗ್ಗೆ ಮಾತಿನ ನಡುವೆ, ಪತ್ರಗಳಲ್ಲಿ, ಕೊನೆಗೆ ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂಡ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಇಲ್ಲಿ ಕೊಟ್ಟಿರುವ ವಲಸೆ ಇಲಾಖೆಯ ಶುಲ್ಕಗಳು 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರಪಟ್ಟಿಯವು. ದರಗಳೂ ನಿಯಮಗಳೂ ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ದಿನ ಅಧಿಕೃತ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು. ವಕೀಲರಿಲ್ಲದೆ ಮುಂದುವರಿಯಬಾರದು ಎನಿಸುವ ಕಡೆ ಹಾಗೆಂದು ಸ್ಪಷ್ಟವಾಗಿ ಹೇಳಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಒಟ್ಟು ಎಷ್ಟು ದಾರಿಗಳಿವೆ? ನಮಗೆ ಯಾವುದು ಅನ್ವಯಿಸುತ್ತದೆ?

ಮುಖ್ಯವಾದವು ನಾಲ್ಕು. ಮದುವೆಯಾಗಲಿರುವವರಿಗೆ ಕೆ-1 ವೀಸಾ. ಮದುವೆಯಾಗಿ ವಿದೇಶದಲ್ಲಿರುವವರಿಗೆ ಸಿಆರ್-1 ಅಥವಾ ಐಆರ್-1 ಎಂಬ ವಲಸೆ ವೀಸಾ. ಸಂಗಾತಿ ಈಗಾಗಲೇ ಅಮೆರಿಕದೊಳಗೆ ಇದ್ದರೆ ಅಲ್ಲಿಂದಲೇ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವ ಸ್ಥಾನಮಾನ ಬದಲಾವಣೆ. ಕರೆಸಿಕೊಳ್ಳುವವರ ಬಳಿ ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಎಫ್2ಎ ಎಂಬ ಸರದಿ.

ನಿಮಗೆ ಯಾವುದು ಒಪ್ಪುತ್ತದೆ ಎಂಬುದನ್ನು ಬಹುಮಟ್ಟಿಗೆ ಮೂರು ಸಂಗತಿಗಳೇ ತೀರ್ಮಾನಿಸುತ್ತವೆ: ಕರೆಸಿಕೊಳ್ಳುವವರು ಅಮೆರಿಕದ ಪ್ರಜೆಯೋ ಅಲ್ಲವೋ, ಕಾನೂನಿನ ಕಣ್ಣಿನಲ್ಲಿ ನಿಮ್ಮ ಮದುವೆ ಆಗಿದೆಯೋ ಇಲ್ಲವೋ, ಮತ್ತು ಸಂಗಾತಿ ಈ ಹೊತ್ತು ಯಾವ ದೇಶದಲ್ಲಿದ್ದಾರೆ. ಈ ಮೂರಕ್ಕೂ ಖಚಿತ ಉತ್ತರ ಸಿಕ್ಕಿತೆಂದರೆ ಸಾಮಾನ್ಯವಾಗಿ ಒಂದೋ ಎರಡೋ ದಾರಿ ಮಾತ್ರ ಉಳಿಯುತ್ತವೆ. ನಿಜವಾಗಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುವುದು ಇನ್ನೂ ಮದುವೆಯಾಗದ, ಒಬ್ಬರು ಅಮೆರಿಕದ ಪ್ರಜೆಯಾಗಿರುವ ಜೋಡಿಗೆ ಮಾತ್ರ.

ಕೆ-1ಗೂ ಸಿಆರ್-1ಗೂ ನಿಜವಾದ ವ್ಯತ್ಯಾಸ ಏನು? ಎರಡರಲ್ಲೂ ಕೊನೆಗೆ ಸಿಗುವುದು ಗ್ರೀನ್ ಕಾರ್ಡೇ ಅಲ್ಲವೇ?

ಕೊನೆಗೆ ಸಿಗುವುದು ಅದೇ, ನಿಜ. ವ್ಯತ್ಯಾಸ ಇರುವುದು ವಿಮಾನದಿಂದ ಇಳಿದ ಮರುದಿನದಲ್ಲಿ.

ಸಿಆರ್-1 ವೀಸಾದಲ್ಲಿ ಬಂದವರು ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಕ್ಷಣದಿಂದಲೇ ಖಾಯಂ ನಿವಾಸಿಗಳು. ಮುದ್ರೆ ಬಿದ್ದ ಆ ವೀಸಾ ಹಾಳೆಯೇ ಒಂದು ವರ್ಷದವರೆಗೆ ಗ್ರೀನ್ ಕಾರ್ಡಿನ ಕೆಲಸ ಮಾಡುತ್ತದೆ; ಪ್ಲಾಸ್ಟಿಕ್ ಕಾರ್ಡು ಆಮೇಲೆ ಅಂಚೆಯಲ್ಲಿ ಬರುತ್ತದೆ. ಮರುವಾರವೇ ಕೆಲಸಕ್ಕೆ ಸೇರಬಹುದು, ಮುಂದಿನ ತಿಂಗಳು ಊರಿಗೆ ಹೋಗಿ ಬರಬಹುದು.

ಕೆ-1ರಲ್ಲಿ ಬಂದವರು ಬಂದ ದಿನ ಖಾಯಂ ನಿವಾಸಿಗಳಲ್ಲ. 90 ದಿನಗಳೊಳಗೆ ಅರ್ಜಿ ಹಾಕಿದ ವ್ಯಕ್ತಿಯನ್ನೇ ಮದುವೆಯಾಗಬೇಕು. ಆಮೇಲೆ ಐ-485 ಎಂಬ ಗ್ರೀನ್ ಕಾರ್ಡ್ ಅರ್ಜಿ ಹಾಕಿ ಕಾಯಬೇಕು. ಆ ಅರ್ಜಿಯ ಆಧಾರದ ಮೇಲೆ ಕೆಲಸದ ಪರವಾನಗಿ ಕೈಗೆ ಬರುವವರೆಗೆ ದುಡಿಯುವಂತಿಲ್ಲ; ಅಡ್ವಾನ್ಸ್ ಪರೋಲ್ ಎಂಬ ಪ್ರಯಾಣದ ಅನುಮತಿ ಇಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸುತ್ತಾರೆ. ಊರಿನಿಂದ ತಂದೆಗೆ ಹುಷಾರಿಲ್ಲವೆಂದು ರಾತ್ರಿ ಫೋನ್ ಬಂದಾಗ ಬೆಳಗಿನ ವಿಮಾನ ಹಿಡಿಯಲಾಗದೆ ಅಡುಗೆಮನೆಯ ಮೇಜಿನ ಮುಂದೆ ಕುಳಿತ ಹೆಣ್ಣುಮಗಳೊಬ್ಬಳನ್ನು ನಾನು ಕಂಡಿದ್ದೇನೆ. ಓದಿದವಳು, ದುಡಿದು ಅಭ್ಯಾಸವಿದ್ದವಳು. ಆ ತಿಂಗಳುಗಳು ಅವಳಿಗೆ ಎಷ್ಟು ಭಾರವಾದವೆಂಬುದನ್ನು ಯಾವ ಮಾಹಿತಿ ಪತ್ರವೂ ಹೇಳುವುದಿಲ್ಲ.

ಅದೆಲ್ಲ ಇರಲಿ, ಯಾವುದು ಬೇಗ ಆಗುತ್ತದೆ, ಅದನ್ನು ಮೊದಲು ಹೇಳಿ.

ಬೇಗ ಎಂದರೆ ಎಲ್ಲಿಯವರೆಗೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಜೋಡಿ ಒಂದೇ ಸೂರಿನಡಿ ಸೇರುವವರೆಗೆ ಎಂದಾದರೆ ಕೆ-1 ಹಿಂದಿನಿಂದಲೂ ತುಸು ಮುಂದಿದೆ, ಆದರೆ ಈಚಿನ ವರ್ಷಗಳಲ್ಲಿ ಆ ಅಂತರ ಕಿರಿದಾಗಿದೆ. ಗ್ರೀನ್ ಕಾರ್ಡು ಕೈಗೆ ಬರುವವರೆಗೆ ಎಂದಾದರೆ ಲೆಕ್ಕ ತಲೆಕೆಳಗಾಗುತ್ತದೆ, ಏಕೆಂದರೆ ಸಿಆರ್-1ರಲ್ಲಿ ಪ್ರಯಾಣಕ್ಕೆ ಮುಂಚೆಯೇ ಮುಗಿಯುವ ಕೆಲಸ ಕೆ-1ರಲ್ಲಿ ಪ್ರಯಾಣದ ನಂತರ ಶುರುವಾಗುತ್ತದೆ. ವೀಸಾ ಸಿಕ್ಕ ದಿನಕ್ಕೆ ಎಣಿಕೆ ನಿಲ್ಲಿಸುವವರು ಕೆ-1 ಬೇಗ ಎನ್ನುತ್ತಾರೆ. ಕಾರ್ಡು ಬಂದ ದಿನದವರೆಗೆ ಎಣಿಸಿದವರು ಹಾಗೆನ್ನುವುದು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಎಣಿಕೆಯನ್ನು ಕಾರ್ಡಿನವರೆಗೆ ಮಾಡುವುದೇ ಸರಿ.

ಸಿಆರ್-1, ಐಆರ್-1 ಇವೆರಡರಲ್ಲಿ ನಾವೇ ಒಂದನ್ನು ಆರಿಸಿಕೊಳ್ಳಬಹುದೇ?

ಇಲ್ಲ. ಎರಡಕ್ಕೂ, ಕರೆಸಿಕೊಳ್ಳುವವರು ಸಂಗಾತಿಗಾಗಿ ಹಾಕುವ ಒಂದೇ ಐ-130 ಅರ್ಜಿ. ಅಮೆರಿಕಕ್ಕೆ ಪ್ರವೇಶಿಸುವ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಆರ್-1. ಆಗ ಎರಡು ವರ್ಷದ ಷರತ್ತಿನ ಕಾರ್ಡು ಬರುತ್ತದೆ. ಎರಡು ವರ್ಷ ತುಂಬಿದ್ದರೆ ಐಆರ್-1; ಆಗ ಹತ್ತು ವರ್ಷದ ಕಾರ್ಡು. ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನವಲ್ಲ, ವೀಸಾ ಮುದ್ರಿಸಿದ ದಿನವಲ್ಲ, ಗಡಿ ದಾಟಿದ ದಿನ.

ನನ್ನ ಪರಿಚಯದ ದಂಪತಿಗೆ ಟಿಕೆಟ್ ಕಾದಿರಿಸಿದ ದಿನಕ್ಕೂ ಎರಡನೆಯ ವಾರ್ಷಿಕೋತ್ಸವಕ್ಕೂ ಹನ್ನೊಂದು ದಿನಗಳ ಅಂತರವಿತ್ತು. ವೀಸಾ ಸಿಂಧುವಾಗಿದ್ದ ಅವಧಿಯೊಳಗೇ ಪ್ರಯಾಣವನ್ನು ಎರಡು ವಾರ ಮುಂದೂಡಿದರು. ವೀಸಾ ಹಾಳೆಯ ಮೇಲೆ ಸಿಆರ್-1 ಎಂದೇ ಅಚ್ಚಾಗಿತ್ತು. ವಿಮಾನ ನಿಲ್ದಾಣದ ಅಧಿಕಾರಿಗೆ ಮದುವೆ ಪ್ರಮಾಣಪತ್ರದ ತಾರೀಖು ತೋರಿಸಿ ಕೇಳಿಕೊಂಡಾಗ ಅವರು ಅದನ್ನು ಐಆರ್-1 ಎಂದು ತಿದ್ದಿ ಮುದ್ರೆ ಒತ್ತಿದರು. ಎರಡು ವಾರ ತಡೆದದ್ದರಿಂದ ಷರತ್ತು ತೆಗೆಸುವ ಐ-751 ಅರ್ಜಿ, ಅದರ 750 ಡಾಲರ್ ಶುಲ್ಕ ಮತ್ತು ವರ್ಷಗಟ್ಟಲೆ ಕಾಯುವಿಕೆ ತಪ್ಪಿತು. ಬಾಯಿ ಬಿಟ್ಟು ಕೇಳದಿದ್ದರೆ ಅಚ್ಚಾದಂತೆಯೇ ದಾಖಲಾಗುವ ಸಾಧ್ಯತೆ ಇರುವುದರಿಂದ ಇಂಥವರು ಪ್ರಮಾಣಪತ್ರವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ನನಗೆ ಗ್ರೀನ್ ಕಾರ್ಡ್ ಮಾತ್ರ ಇದೆ, ಸಿಟಿಜನ್ ಆಗಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಬಹುದೇ?

ಕರೆಸಿಕೊಳ್ಳಬಹುದು, ಆದರೆ ಸರದಿಯಲ್ಲಿ. ಪ್ರಜೆಯ ಪತಿ ಅಥವಾ ಪತ್ನಿಗೆ ವೀಸಾಗಳ ವಾರ್ಷಿಕ ಮಿತಿ ಇಲ್ಲ. ಖಾಯಂ ನಿವಾಸಿಯ ಸಂಗಾತಿ ಬರುವ ಎಫ್2ಎ ವರ್ಗಕ್ಕೆ ಮಿತಿ ಇದೆ. ಐ-130 ಸಲ್ಲಿಸಿದ ದಿನವೇ ನಿಮ್ಮ ಆದ್ಯತಾ ದಿನಾಂಕ. ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಆ ದಿನಾಂಕದ ಸರದಿ ಬರುವವರೆಗೆ ಕಾಯಬೇಕು. ಮದುವೆಗೆ ಮುಂಚಿನ ಕೆ-1 ಸೌಲಭ್ಯ ಗ್ರೀನ್ ಕಾರ್ಡ್ ಇರುವವರಿಗೆ ಇಲ್ಲವೇ ಇಲ್ಲ.

ಪೌರತ್ವಕ್ಕೆ ಇನ್ನು ಒಂದೆರಡು ವರ್ಷ ಬಾಕಿ ಇದ್ದರೂ ಅದಕ್ಕಾಗಿ ಕಾಯದೆ ಈಗಲೇ ಐ-130 ಹಾಕಿಬಿಡುವುದು ಜಾಣತನ. ನೀವು ಪ್ರಜೆಯಾದ ದಿನ ಪ್ರಮಾಣಪತ್ರದ ಪ್ರತಿ ಕಳಿಸಿದರೆ ಅದೇ ಅರ್ಜಿ ಸರದಿ ಇಲ್ಲದ ವರ್ಗಕ್ಕೆ ಏರುತ್ತದೆ. ಒಂದು ಎಚ್ಚರಿಕೆ: ಎಫ್2ಎಯಲ್ಲಿ ತಾಯಿಯ ಅರ್ಜಿಯ ನೆರಳಿನಲ್ಲೇ ಮಗುವೂ ಬರಬಹುದು, ಪ್ರಜೆಯ ಪತ್ನಿಯ ವರ್ಗದಲ್ಲಿ ಹಾಗಿಲ್ಲ. ನೀವು ಪ್ರಜೆಯಾದೊಡನೆ ಪ್ರತಿ ಮಗುವಿಗೂ ಬೇರೆಯಾಗಿ ಐ-130 ಬೇಕಾಗುತ್ತದೆ. ಇದನ್ನು ಮರೆತು ತಾಯಿಗೆ ಸಂದರ್ಶನದ ಕರೆ ಬಂದಾಗ ಮಗುವಿನ ಕಡತವೇ ಇಲ್ಲದೆ ಕಂಗಾಲಾದವರಿದ್ದಾರೆ.

ಕೆ-3 ಎಂಬ ವೀಸಾ ಇದೆಯಂತೆ, ಅದು ಬೇಗವಂತೆ?

2000ನೇ ಇಸವಿಯ ಕಾನೂನೊಂದು ಅದನ್ನು ತಂದದ್ದು, ಪುಸ್ತಕದಲ್ಲಿ ಈಗಲೂ ಇದೆ. ಆದರೆ ಐ-130 ಮಂಜೂರಾಗಿ ಕಡತ ಮುಂದೆ ಹೋದೊಡನೆ ಕೆ-3 ಕಡತವನ್ನು ಮುಚ್ಚುತ್ತಾರೆ. ವಾಸ್ತವದಲ್ಲಿ ಅದು ಬಳಕೆ ತಪ್ಪಿದ ದಾರಿ.

## ಮದುವೆ ಎಲ್ಲಿ, ಹೇಗೆ

ನಿಶ್ಚಿತಾರ್ಥ ಜೋರಾಗಿ ಮಾಡಿಕೊಂಡಿದ್ದೇವೆ, ರಿಜಿಸ್ಟರ್ ಮಾಡಿಸಿಲ್ಲ. ಕೆ-1 ಹಾಕಬಹುದೇ?

ನಿಶ್ಚಿತಾರ್ಥ ಎಷ್ಟೇ ಜೋರಾಗಿ ನಡೆದರೂ ಅಡ್ಡಿಯಿಲ್ಲ. ಅಡ್ಡಿಯಾಗುವುದು ಅದು ಮದುವೆಯೇ ಆಗಿಬಿಟ್ಟಿದ್ದರೆ. ಮದುವೆ ಸಿಂಧುವೋ ಅಲ್ಲವೋ ಎಂಬುದನ್ನು ಅಮೆರಿಕದ ವಲಸೆ ಕಾನೂನು ಮದುವೆ ನಡೆದ ಸ್ಥಳದ ಕಾನೂನಿನ ಮೇಲೆ ಅಳೆಯುತ್ತದೆ. ಭಾರತದ 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನಂತೆ ವಧೂವರರಲ್ಲಿ ಒಬ್ಬರ ಕಡೆಯ ಸಂಪ್ರದಾಯದ ವಿಧಿಗಳು ನಡೆದರೆ ಮದುವೆ ಆದಂತೆ. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಗೆ ಅದು ಪೂರ್ಣ. ನೋಂದಣಿ ಬರಿಯ ಸಾಕ್ಷಿ. ಆದ್ದರಿಂದ ದೇವಸ್ಥಾನದಲ್ಲಿ ಮಾಂಗಲ್ಯಧಾರಣೆ ಮುಗಿಸಿ, ರಿಜಿಸ್ಟರ್ ಆಗಿಲ್ಲವಲ್ಲ ಎಂದು ಕೆ-1 ಹಾಕುವುದು ತಪ್ಪು. ಸಂದರ್ಶನದಲ್ಲಿ ಅದು ಹೊರಬಿದ್ದರೆ ವೀಸಾ ನಿರಾಕರಿಸಿ ಕಡತವನ್ನು ಹಿಂದಕ್ಕೆ ಕಳಿಸುತ್ತಾರೆ. ಮತ್ತೆ ಐ-130ಯಿಂದ ಶುರು.

ನಿಜವಾಗಿ ನಿಶ್ಚಿತಾರ್ಥವೇ ಆಗಿದ್ದರೂ ಫೋಟೊಗಳ ವಿಷಯದಲ್ಲಿ ಎಚ್ಚರ ಬೇಕು. ಕೊರಳಲ್ಲಿ ದಪ್ಪ ಹಾರ, ಹಿಂದೆ ಹೂವಿನ ಮಂಟಪ, ಹಿರಿಯರ ಕೈಯಲ್ಲಿ ಅಕ್ಷತೆ ಇರುವ ಚಿತ್ರವನ್ನು ಹೊರಗಿನ ಅಧಿಕಾರಿಯೊಬ್ಬರ ಮುಂದಿಟ್ಟರೆ ಇದು ಮದುವೆಯಲ್ಲ ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ಪ್ರತಿ ಫೋಟೊದ ಹಿಂದೆ ತಾರೀಖು, ಸ್ಥಳ, ಸಂದರ್ಭ ಬರೆದು, ಆ ದಿನ ಯಾವ ವಿಧಿ ನಡೆಯಿತು, ಯಾವುದು ನಡೆಯಲಿಲ್ಲ ಎಂದು ಒಂದು ಪುಟದ ವಿವರಣೆ ಇಟ್ಟರೆ ಒಳ್ಳೆಯದು.

ವೀಸಾ ಕೆಲಸ ಬೇಗ ಶುರುವಾಗಲಿ ಎಂದು ಈಗ ಬರೀ ರಿಜಿಸ್ಟರ್ ಮಾಡಿಸಿ, ಮದುವೆಯನ್ನು ಮುಂದಿನ ವರ್ಷ ಇಟ್ಟುಕೊಳ್ಳಬಹುದೇ?

ಯಾವ ಕಾಯ್ದೆಯಡಿ ರಿಜಿಸ್ಟರ್ ಮಾಡಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಿಂದೂ ವಿವಾಹ ಕಾಯ್ದೆಯಡಿ ವಿಧಿಗಳೇ ನಡೆಯದೆ ಪ್ರಮಾಣಪತ್ರ ಮಾತ್ರ ಪಡೆದರೆ ಮದುವೆಯೇ ಆದಂತಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿದೆ. ವಿದೇಶಕ್ಕೆ ಹೋಗುವ ಅವಸರಕ್ಕಾಗಿ ಹೀಗೆ ಮಾಡುವ ರೂಢಿಯನ್ನು ಆ ತೀರ್ಪು ನೇರವಾಗಿಯೇ ಪ್ರಸ್ತಾಪಿಸಿದೆ. ಬುಡವೇ ಅಲುಗುವ ಪ್ರಮಾಣಪತ್ರದ ಮೇಲೆ ಐ-130 ಕಟ್ಟುವುದು ಬೇಡ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ ಈ ತೊಡಕಿಲ್ಲ, ಏಕೆಂದರೆ ಅಲ್ಲಿ ಅಧಿಕಾರಿಯ ಎದುರು ನಡೆಯುವ ಘೋಷಣೆಯೇ ಮದುವೆ. ಅದಕ್ಕೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು, ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ಎರಡು ವಾರದ ರಜೆಯಲ್ಲಿ ಬಂದು ಎಲ್ಲ ಮುಗಿಸಿ ಹೋಗುತ್ತೇನೆ ಎನ್ನುವವರು ನೋಟಿಸ್ ಕೊಡುವ ದಿನವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ನಾವು ಇನ್ನೂ ಮುಖಾಮುಖಿ ಭೇಟಿಯಾಗಿಲ್ಲ, ದಿನಾ ವೀಡಿಯೊ ಕಾಲ್ ಮಾಡುತ್ತೇವೆ. ಸಾಲದೇ?

ಕೆ-1ಗೆ ಸಾಲದು. ಅದಕ್ಕಾಗಿ ಹಾಕುವ ಐ-129ಎಫ್ ಅರ್ಜಿ ಸಲ್ಲಿಸುವುದಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಒಮ್ಮೆಯಾದರೂ ಇಬ್ಬರೂ ಒಂದೇ ಕಡೆ ಭೇಟಿಯಾಗಿರಬೇಕು. ಅರ್ಜಿದಾರರಿಗೆ ವಿಪರೀತ ಕಷ್ಟವಾಗುವಂತಿದ್ದರೆ, ಅಥವಾ ಮದುವೆಗೆ ಮುಂಚೆ ವಧೂವರರು ಭೇಟಿಯಾಗುವುದನ್ನು ಸಂಗಾತಿಯ ಸಮುದಾಯದ ಕಟ್ಟುನಿಟ್ಟಿನ ಸಂಪ್ರದಾಯ ನಿಷೇಧಿಸಿದ್ದರೆ ವಿನಾಯಿತಿ ಕೇಳಬಹುದು, ಆದರೆ ಅದು ಸಿಗುವುದು ಅಪರೂಪ. ವಿನಾಯಿತಿಗೆ ಕಾಗದ ಒಟ್ಟುಗೂಡಿಸುವ ಶ್ರಮಕ್ಕಿಂತ ಒಂದು ವಿಮಾನದ ಟಿಕೆಟ್ ಅಗ್ಗ.

ಆನ್‌ಲೈನ್‌ನಲ್ಲೇ ಮದುವೆ ಮಾಡಿಸುತ್ತಾರಂತೆ. ಆ ಸರ್ಟಿಫಿಕೇಟ್ ನಡೆಯುತ್ತದೆಯೇ?

ಯೂಟಾ ರಾಜ್ಯದ ಯೂಟಾ ಕೌಂಟಿ ಇಂಥ ಮದುವೆಗಳಿಗೆ ಅವಕಾಶ ಕೊಟ್ಟಿರುವುದು ನಿಜ. ಆದರೆ ವಲಸೆ ಕಾನೂನಿನಲ್ಲಿ ಒಂದು ಹಳೆಯ ಷರತ್ತು ಇದೆ: ಮದುವೆಯ ಹೊತ್ತಿನಲ್ಲಿ ಇಬ್ಬರೂ ಒಬ್ಬರ ಎದುರು ಒಬ್ಬರು ಇಲ್ಲದಿದ್ದರೆ, ಆ ನಂತರ ದಾಂಪತ್ಯ ಶಾರೀರಿಕವಾಗಿ ಕೂಡಿಬಂದಿರಬೇಕು, ಇಲ್ಲವಾದರೆ ಅವರನ್ನು ಪತಿ ಪತ್ನಿ ಎಂದು ಪರಿಗಣಿಸುವುದಿಲ್ಲ. ಮದುವೆಗೆ ಮುಂಚೆ ಜೊತೆಗಿದ್ದದ್ದು ಲೆಕ್ಕಕ್ಕಿಲ್ಲ. ಆದ್ದರಿಂದ ಆನ್‌ಲೈನ್ ಮದುವೆಯ ನಂತರ ಇಬ್ಬರೂ ಒಂದೆಡೆ ಸೇರಿದ್ದಕ್ಕೆ ಪಾಸ್‌ಪೋರ್ಟ್ ಮುದ್ರೆ, ಟಿಕೆಟ್, ಹೋಟೆಲ್ ರಸೀದಿ ಇಟ್ಟುಕೊಂಡು, ಆಮೇಲೆ ಐ-130 ಹಾಕಬೇಕು.

ನಾವಿಬ್ಬರೂ ಗಂಡಸರು. ನನ್ನ ಸಂಗಾತಿ ಭಾರತದಲ್ಲಿದ್ದಾನೆ. ನಮಗೂ ದಾರಿ ಇದೆಯೇ?

ಇದೆ, ಮತ್ತು ಪ್ರಜೆಯಾದ ಅರ್ಜಿದಾರರಿಗೆ ಅದು ಇತರರಿಗೆ ಇರುವಷ್ಟೇ ನೇರವಾಗಿದೆ. ಅಮೆರಿಕದ ಸುಪ್ರೀಂ ಕೋರ್ಟಿನ 2013ರ ಜೂನ್ 26ರ ತೀರ್ಪಿನ ನಂತರ ವಲಸೆ ಇಲಾಖೆ ಸಲಿಂಗ ದಂಪತಿಯ ಅರ್ಜಿಯನ್ನೂ ಅದೇ ಅಳತೆಯಲ್ಲಿ ನೋಡುತ್ತದೆ. 2015ರಿಂದ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಇಂಥ ಮದುವೆ ಕಾನೂನುಬದ್ಧ. ಭಾರತದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿರುವುದರಿಂದ ಅಲ್ಲಿ ಮದುವೆಯಾಗಿ ಸಿಆರ್-1 ಹಾಕುವ ಪ್ರಶ್ನೆ ಬರುವುದಿಲ್ಲ. ಉಳಿಯುವುದು ಎರಡು: ಇಂಥ ಮದುವೆಗೆ ಮಾನ್ಯತೆ ಇರುವ ಮೂರನೆಯ ದೇಶದಲ್ಲಿ ಮದುವೆಯಾಗಿ ಐ-130, ಅಥವಾ ಕೆ-1. ಕೆ-1 ನಿಜವಾಗಿ ಉಪಯೋಗಕ್ಕೆ ಬರುವ ಸಂದರ್ಭಗಳಲ್ಲಿ ಇದೊಂದು.

ಟೂರಿಸ್ಟ್ ವೀಸಾ ಇದೆ. ಅದರಲ್ಲೇ ಬಂದು ಮದುವೆಯಾಗಿ ಅಲ್ಲೇ ಉಳಿದುಬಿಟ್ಟರೆ?

ಸಂದರ್ಶಕ ವೀಸಾದಲ್ಲಿ ಬಂದು ಮದುವೆಯಾಗಿ ವಾಪಸು ಹೋಗುವುದರಲ್ಲಿ ತಪ್ಪಿಲ್ಲ. ಉಳಿಯುವ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು, ಸುತ್ತಾಡಿಕೊಂಡು ಹೋಗಲು ಬಂದಿದ್ದೇನೆ ಎಂದು ಗಡಿಯಲ್ಲಿ ಹೇಳುವುದು ತಪ್ಪು ನಿರೂಪಣೆ. ಅದು ಸಾಬೀತಾದರೆ ಜೀವನಪರ್ಯಂತದ ನಿಷೇಧ, ಮತ್ತು ಅದರಿಂದ ಬಿಡುಗಡೆ ಬೇಕಾದರೆ ವಿಶೇಷ ಮನ್ನಾ ಅರ್ಜಿ. ಬಂದ 90 ದಿನಗಳೊಳಗೆ ಮದುವೆಯಾಗಿ ನೆಲೆಸಿದರೆ ಉದ್ದೇಶ ಮೊದಲೇ ಇತ್ತೆಂದು ಊಹಿಸಬಹುದೆಂಬ ನಿಯಮ 2017ರಿಂದ ವಿದೇಶಾಂಗ ಇಲಾಖೆಯ ಕೈಪಿಡಿಯಲ್ಲಿದೆ. ಅದನ್ನು ಓದಿ, ಹಾಗಾದರೆ 91ನೇ ದಿನ ಅರ್ಜಿ ಹಾಕಿದರಾಯಿತು ಎನ್ನುವವರು ಬಹಳ. ಅದು ಸುರಕ್ಷತೆಯ ಗೆರೆಯಲ್ಲ. ಮದುವೆಯ ಸೀರೆಯೂ ಪದವಿ ಪ್ರಮಾಣಪತ್ರಗಳೂ ಸೂಟ್‌ಕೇಸಿನಲ್ಲಿ ಸಿಕ್ಕರೆ ದಿನಗಳ ಲೆಕ್ಕ ಯಾರನ್ನೂ ಉಳಿಸುವುದಿಲ್ಲ. ಇದನ್ನು ಒಂದು ದಾರಿಯೆಂದು ಯೋಜಿಸಿಕೊಳ್ಳಲೇಬಾರದು.

ಅವಳು ಈಗಾಗಲೇ ಅಮೆರಿಕದಲ್ಲಿ ಎಚ್-1ಬಿಯಲ್ಲಿದ್ದಾಳೆ. ವಾಪಸು ಹೋಗಿ ಬರಬೇಕೇ?

ಬೇಕಿಲ್ಲ. ನೀವು ಪ್ರಜೆಯಾಗಿದ್ದರೆ ಮದುವೆಯಾದ ಮೇಲೆ ಐ-130 ಮತ್ತು ಐ-485 ಎರಡನ್ನೂ ಒಟ್ಟಿಗೆ ಸಲ್ಲಿಸಬಹುದು. ಎಚ್-1ಬಿ ಇರುವವರಿಗೆ ಇನ್ನೊಂದು ಅನುಕೂಲ: ಆ ಸ್ಥಾನಮಾನ ಮತ್ತು ವೀಸಾ ಸಿಂಧುವಾಗಿರುವವರೆಗೆ ಅಡ್ವಾನ್ಸ್ ಪರೋಲ್ ಇಲ್ಲದೆಯೂ ಹೊರಗೆ ಹೋಗಿ ಬರಬಹುದು. ಎಫ್-1 ವಿದ್ಯಾರ್ಥಿಗಳಿಗೆ ಆ ಅನುಕೂಲ ಇಲ್ಲ. ಜೆ-1 ಎಂಬ ವಿನಿಮಯ ಕಾರ್ಯಕ್ರಮದ ವೀಸಾದಲ್ಲಿ ಬಂದು, ಎರಡು ವರ್ಷ ತಾಯ್ನಾಡಿನಲ್ಲಿ ಇದ್ದು ಬರಬೇಕೆಂಬ ಷರತ್ತಿಗೆ ಒಳಪಟ್ಟವರು ಆ ಷರತ್ತು ಪೂರೈಸುವವರೆಗೆ ಅಥವಾ ಅದರಿಂದ ವಿನಾಯಿತಿ ಪಡೆಯುವವರೆಗೆ ಐ-485 ಮಾತ್ರವಲ್ಲ, ಕೆ-1ಗೂ ವಲಸೆ ವೀಸಾಕ್ಕೂ ಅರ್ಹರಲ್ಲ. ಅವರು ಮೊದಲು ಹಳೆಯ ಜೆ-1 ಕಾಗದಗಳನ್ನು ತೆಗೆದು ನೋಡಿಕೊಳ್ಳಲಿ.

## ಹಣ ಮತ್ತು ದಾಖಲೆ

ಒಟ್ಟು ಖರ್ಚು ಎಷ್ಟಾಗುತ್ತದೆ?

ಸರ್ಕಾರಿ ಶುಲ್ಕಗಳನ್ನಷ್ಟೇ ಕೂಡಿದರೆ, ವಲಸೆ ವೀಸಾದ ದಾರಿಯಲ್ಲಿ ಐ-130ಕ್ಕೆ ಕಾಗದದಲ್ಲಾದರೆ 675, ಆನ್‌ಲೈನ್‌ನಲ್ಲಾದರೆ 625 ಡಾಲರ್, ವೀಸಾಕ್ಕೆ 325, ಆರ್ಥಿಕ ಬೆಂಬಲದ ಪ್ರಮಾಣಪತ್ರದ ಪರಿಶೀಲನೆಗೆ 120, ಕಾರ್ಡಿಗಾಗಿ 235. ಆನ್‌ಲೈನ್ ಅರ್ಜಿಯಾದರೆ ಒಟ್ಟು 1,305 ಡಾಲರ್. ಕೆ-1 ದಾರಿಯಲ್ಲಿ ಐ-129ಎಫ್‌ಗೆ 675, ವೀಸಾಕ್ಕೆ 265, ಐ-485ಕ್ಕೆ 1,440 ಸೇರಿ 2,380 ಡಾಲರ್. 2024ರವರೆಗೆ ಐ-485ರ ಶುಲ್ಕದಲ್ಲೇ ಕೆಲಸದ ಪರವಾನಗಿಯೂ ಪ್ರಯಾಣದ ಅನುಮತಿಯೂ ಅಡಕವಾಗಿದ್ದವು. ಹೊಸ ದರಪಟ್ಟಿ ಅವನ್ನು ಬೇರ್ಪಡಿಸಿ ಕ್ರಮವಾಗಿ 260 ಮತ್ತು 630 ಡಾಲರ್ ಇಟ್ಟಿತು. ಅವೆರಡನ್ನೂ ಸೇರಿಸಿದರೆ ಕೆ-1 ಖರ್ಚು 3,270 ಡಾಲರ್, ಅಂದರೆ ವಲಸೆ ವೀಸಾದ ಎರಡೂವರೆ ಪಟ್ಟು. ವೈದ್ಯಕೀಯ ತಪಾಸಣೆ, ಲಸಿಕೆ, ಪ್ರಯಾಣ, ವಕೀಲರ ಸಂಭಾವನೆ ಇದರ ಮೇಲೆ.

ನನ್ನ ಸಂಬಳ ಕಡಿಮೆ. ಸ್ಪಾನ್ಸರ್ ಮಾಡಲು ಎಷ್ಟು ಇರಬೇಕು?

ಐ-864 ಎಂಬ ಬೆಂಬಲ ಪತ್ರಕ್ಕೆ ನಿಮ್ಮ ವರಮಾನ ಕೇಂದ್ರ ಸರ್ಕಾರದ ಬಡತನ ಮಾರ್ಗಸೂಚಿಯ ಶೇಕಡ 125ರಷ್ಟಿರಬೇಕು. 2025ರ ಮಾರ್ಗಸೂಚಿಯಲ್ಲಿ, ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ ಕಡೆ, ಇಬ್ಬರ ಕುಟುಂಬಕ್ಕೆ 21,150 ಡಾಲರ್ ಇದ್ದುದರಿಂದ ಬೇಕಾದ ಮೊತ್ತ ಸುಮಾರು 26,437 ಡಾಲರ್ ಆಗಿತ್ತು. ಈ ಮಾರ್ಗಸೂಚಿ ಪ್ರತಿ ವರ್ಷ ಏರುತ್ತದೆ. ಕೆ-1 ವೀಸಾದ ಹಂತದಲ್ಲಿ ಶೇಕಡ 100 ಸಾಕು, ಆದರೆ ಬಂದ ಮೇಲೆ ಐ-485ರ ಹಂತದಲ್ಲಿ ಅದೇ ಶೇಕಡ 125 ಎದುರಾಗುತ್ತದೆ. ವರಮಾನ ಕಡಿಮೆ ಬಿದ್ದರೆ, ಪ್ರಜೆಯ ಸಂಗಾತಿಯ ವಿಷಯದಲ್ಲಿ ಕೊರತೆಯ ಮೂರು ಪಟ್ಟು ಆಸ್ತಿ ತೋರಿಸಬಹುದು. 5,000 ಕೊರತೆಗೆ 15,000 ಡಾಲರ್ ಉಳಿತಾಯ. ಅದೂ ಇಲ್ಲದಿದ್ದರೆ ಅಮೆರಿಕದಲ್ಲಿ ನೆಲೆಸಿದ ಪ್ರಜೆ ಅಥವಾ ಖಾಯಂ ನಿವಾಸಿಯೊಬ್ಬರು ಜಂಟಿ ಪ್ರಾಯೋಜಕರಾಗಬಹುದು.

ಆ ಜಂಟಿ ಪ್ರಾಯೋಜಕರಾಗಲು ಒಪ್ಪಿದ ಚಿಕ್ಕಪ್ಪನಿಗೆ ಇದನ್ನು ಹೇಳಿಯೇ ಸಹಿ ಹಾಕಿಸಿ: ಅದು ಔಪಚಾರಿಕತೆಯಲ್ಲ, ಕರಾರು. ಬಂದವರು ಪ್ರಜೆಯಾಗುವವರೆಗೆ, ಅಥವಾ ಅವರ ಲೆಕ್ಕಕ್ಕೆ 40 ತ್ರೈಮಾಸಿಕಗಳ ದುಡಿಮೆ ಸೇರುವವರೆಗೆ, ಅಥವಾ ಅವರು ಖಾಯಂ ನಿವಾಸ ಬಿಟ್ಟು ದೇಶ ತೊರೆಯುವವರೆಗೆ ಅದು ಜಾರಿಯಲ್ಲಿರುತ್ತದೆ. ಮಧ್ಯೆ ವಿಚ್ಛೇದನವಾದರೂ ಅದು ಮುಗಿಯುವುದಿಲ್ಲ.

ಸಂಬಂಧ ನಿಜವೆಂದು ತೋರಿಸಲು ಏನೇನು ಇಡಬೇಕು? ಸಾವಿರ ಪುಟದ ಚಾಟ್ ಇದೆ.

ಸಾವಿರ ಪುಟವನ್ನು ಯಾರೂ ಓದುವುದಿಲ್ಲ. ಪರಿಚಯವಾದ ತಿಂಗಳು, ಭೇಟಿಗಳು, ಮನೆಯವರ ಒಪ್ಪಿಗೆ, ಮದುವೆ, ಆಮೇಲಿನ ಒಡನಾಟ ಎಂಬ ಕ್ರಮದಲ್ಲಿ ಪ್ರತಿ ಹಂತಕ್ಕೂ ಒಂದೆರಡು ಸಾಕ್ಷಿ ಸಾಕು. ಇಬ್ಬರೇ ಇರುವ ಫೋಟೊಗಿಂತ ಎರಡೂ ಮನೆಯವರು ಇರುವ ಫೋಟೊಗೆ ತೂಕ ಹೆಚ್ಚು. ಸಿಹಿಮಾತಿನ ಸಂದೇಶಕ್ಕಿಂತ ಕಳಿಸಿದ ಹಣದ ರಸೀದಿ, ವಿಮೆಯ ನಾಮಿನಿ ಪತ್ರ, ಬೋರ್ಡಿಂಗ್ ಪಾಸ್‌ಗಳಿಗೆ ತೂಕ ಹೆಚ್ಚು. ಒಟ್ಟಿಗೆ ಇರದ ದಂಪತಿಗೆ ಜಂಟಿ ಖಾತೆ ಇಲ್ಲದಿರುವುದು ಸಹಜ, ಅದಕ್ಕಾಗಿ ಗಾಬರಿಯಾಗಬೇಕಿಲ್ಲ. ಇಬ್ಬರು ಹೇಳುವ ತಾರೀಖುಗಳು ಹೊಂದದಿದ್ದರೆ ಮಾತ್ರ ಗಾಬರಿಯಾಗಬೇಕಾದ್ದೇ.

ನಾನು ಸಿಟಿಜನ್, ಆದರೆ ನಾನೇ ಈಗ ಭಾರತದಲ್ಲಿದ್ದೇನೆ.

ಐ-130 ಹಾಕಲು ಅದು ಅಡ್ಡಿಯಲ್ಲ. ಐ-864ರ ಹಂತದಲ್ಲಿ ಮಾತ್ರ ನಿಮ್ಮ ವಾಸ್ತವ್ಯ ಅಮೆರಿಕದಲ್ಲಿದೆ, ಅಥವಾ ಸಂಗಾತಿ ಬರುವ ಹೊತ್ತಿಗೆ ಅಲ್ಲಿ ನೆಲೆಸುತ್ತೀರಿ ಎಂಬುದನ್ನು ತೋರಿಸಬೇಕು: ಬ್ಯಾಂಕ್ ಖಾತೆ, ಮತದಾರರ ನೋಂದಣಿ, ಉದ್ಯೋಗದ ಕರೆ, ಬಾಡಿಗೆ ಕರಾರು ಇಂಥವು.

## ತೊಡಕಿನ ಸಂದರ್ಭಗಳು

ಆಕೆಗೆ ಮೊದಲ ಮದುವೆಯಿಂದ 19 ವರ್ಷದ ಮಗ ಇದ್ದಾನೆ. ಅವನನ್ನೂ ಕರೆತರಬಹುದೇ?

ದಾರಿಯ ಆಯ್ಕೆ ಎಷ್ಟು ನಿರ್ಣಾಯಕ ಎಂಬುದು ಈ ಪ್ರಶ್ನೆಯಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ನೀವು ಈಗ ಮದುವೆಯಾಗಿ ಐ-130 ದಾರಿ ಹಿಡಿದರೆ ಆ ಹುಡುಗ ಕಾನೂನಿನಲ್ಲಿ ನಿಮ್ಮ ಮಲಮಗನಲ್ಲ, ಏಕೆಂದರೆ ಆ ಸಂಬಂಧ ಹುಟ್ಟಬೇಕಾದರೆ ಮಗುವಿಗೆ 18 ತುಂಬುವ ಮುಂಚೆಯೇ ಮದುವೆ ಆಗಿರಬೇಕು. ಕೆ-1 ದಾರಿಯಲ್ಲಾದರೆ 21 ತುಂಬದ, ಮದುವೆಯಾಗದ ಮಗ ಕೆ-2 ವೀಸಾದಲ್ಲಿ ತಾಯಿಯ ಜೊತೆ ಬರಬಹುದು. ಕೆ-2ರಲ್ಲಿ ದೇಶ ಪ್ರವೇಶಿಸುವ ದಿನ 21ರೊಳಗಿದ್ದರೆ, ಆಮೇಲೆ ವಯಸ್ಸು ಮೀರಿದರೂ ಗ್ರೀನ್ ಕಾರ್ಡಿಗೆ ಅರ್ಹತೆ ಉಳಿಯುತ್ತದೆ ಎಂದು ವಲಸೆ ಮೇಲ್ಮನವಿ ಮಂಡಳಿ 2011ರಲ್ಲಿ ತೀರ್ಮಾನಿಸಿದೆ. ಆದ್ದರಿಂದ 18 ಮತ್ತು 21ರ ನಡುವಿನ ಮಗು ಇರುವವರು ಮುಹೂರ್ತ ಗೊತ್ತುಮಾಡುವ ಮುನ್ನ ವಕೀಲರನ್ನು ಕಾಣಬೇಕು. ಆತುರದಲ್ಲಿ ಆದ ಮದುವೆಯೊಂದು ಮಗನನ್ನು ತಾಯಿಯಿಂದ ವರ್ಷಗಟ್ಟಲೆ ದೂರ ಇಡಬಹುದು. ಮೊದಲ ಮದುವೆಯ ವಿಚ್ಛೇದನದ ಆದೇಶ ಅಂತಿಮವಾಗಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಕೆ-1ಗಾದರೆ ಅರ್ಜಿ ಹಾಕುವ ದಿನವೇ ಇಬ್ಬರೂ ಮದುವೆಗೆ ಮುಕ್ತರಾಗಿರಬೇಕು.

ಕೆ-1ರಲ್ಲಿ ಬಂದ ಮೇಲೆ ಮನಸ್ಸು ಬದಲಾದರೆ? ಬೇರೆಯವರನ್ನು ಮದುವೆಯಾಗಿ ಉಳಿಯಬಹುದೇ?

ಆಗದು. ಕೆ-1ರಲ್ಲಿ ಬಂದವರು ಅರ್ಜಿ ಹಾಕಿದ ಆ ವ್ಯಕ್ತಿಯ ಜೊತೆಗಿನ ಮದುವೆಯ ಮೂಲಕವಷ್ಟೇ ದೇಶದೊಳಗಿಂದ ಗ್ರೀನ್ ಕಾರ್ಡ್ ಪಡೆಯಬಹುದು. ಬೇರೆಯವರನ್ನು ಮದುವೆಯಾದರೆ ದೇಶ ಬಿಟ್ಟು ಹೊಸದಾಗಿ ಶುರು ಮಾಡಬೇಕು. ಬರುವವರ ಕಡೆಯಿಂದ ನೋಡಿದರೆ ಕೆ-1ರ ದೊಡ್ಡ ದೌರ್ಬಲ್ಯ ಇದೇ.

ಗಂಡ ಹಿಂಸೆ ಕೊಡುತ್ತಾನೆ, ಬಿಟ್ಟು ಹೋದರೆ ಕಾರ್ಡ್ ಹೋಗುತ್ತದೆ ಎಂದು ಹೆದರಿಸುತ್ತಾನೆ.

ಆ ಬೆದರಿಕೆ ಸುಳ್ಳು. ಹಿಂಸೆಗೆ ಒಳಗಾದ ಸಂಗಾತಿ, ಹೆಣ್ಣಾಗಲಿ ಗಂಡಾಗಲಿ, ಪ್ರಾಯೋಜಕರಿಗೆ ತಿಳಿಸದೆಯೇ ಐ-360 ಮೂಲಕ ತಮ್ಮ ಅರ್ಜಿಯನ್ನು ತಾವೇ ಹಾಕಿಕೊಳ್ಳಲು ಅವಕಾಶವಿದೆ. ಈಗಾಗಲೇ ಷರತ್ತಿನ ಕಾರ್ಡ್ ಇದ್ದರೆ, ಷರತ್ತು ತೆಗೆಸುವ ಐ-751 ಅರ್ಜಿಯನ್ನು ಜಂಟಿ ಸಹಿ ಇಲ್ಲದೆ ಹಾಕಬಹುದು: ಹಿಂಸೆಯ ಆಧಾರದ ಮೇಲೆ, ಅಥವಾ ಮದುವೆ ಪ್ರಾಮಾಣಿಕವಾಗಿದ್ದು ವಿಚ್ಛೇದನದಲ್ಲಿ ಮುಗಿದಿದೆ ಎಂಬ ಆಧಾರದ ಮೇಲೆ. ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ ಮತ್ತು ಬಂದ ನೋಟಿಸ್‌ಗಳ ಪ್ರತಿಯನ್ನು ನಂಬುವ ಒಬ್ಬರ ಬಳಿ ಇರಿಸಿ. ವಕೀಲರನ್ನು ಕಾಣಲೇಬೇಕಾದ ಸಂದರ್ಭ ಇದು.

ಅವನ ವೀಸಾ ಅವಧಿ ಮುಗಿದು ಎರಡು ವರ್ಷವಾಗಿದೆ, ಅಲ್ಲೇ ಇದ್ದಾನೆ. ಮದುವೆಯಾದರೆ ಸರಿಹೋಗುತ್ತದೆಯೇ?

ಅಧಿಕಾರಿಯ ಮುಂದೆ ಹಾಜರಾಗಿ ಕ್ರಮಬದ್ಧವಾಗಿ ಪ್ರವೇಶಿಸಿದ್ದು, ಸಂಗಾತಿ ಪ್ರಜೆಯಾಗಿದ್ದರೆ, ಅವಧಿ ಮೀರಿ ಉಳಿದದ್ದೊಂದೇ ಐ-485ಕ್ಕೆ ಅಡ್ಡಿಯಾಗುವುದಿಲ್ಲ. ಗ್ರೀನ್ ಕಾರ್ಡ್ ಇರುವವರ ಸಂಗಾತಿಗೆ ಈ ರಿಯಾಯಿತಿ ಇಲ್ಲ. ಆದರೆ ಅವನು ದೇಶ ಬಿಟ್ಟರೆ ಬೇರೆ ಲೆಕ್ಕ ಶುರುವಾಗುತ್ತದೆ: 180 ದಿನಗಳಿಗಿಂತ ಹೆಚ್ಚು ಅಕ್ರಮವಾಗಿ ಇದ್ದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಇದ್ದವರಿಗೆ ಹತ್ತು ವರ್ಷ ಮರುಪ್ರವೇಶ ನಿಷೇಧ. ಐ-130 ಸಲ್ಲಿಸಿದ್ದೇವೆ, ಇನ್ನು ಭಯವಿಲ್ಲ ಎಂದುಕೊಳ್ಳುವುದೂ ತಪ್ಪು; ಅರ್ಜಿ ಮಂಜೂರಾದರೂ ಅದು ಸ್ಥಾನಮಾನವಲ್ಲ, ಗಡೀಪಾರಿನಿಂದ ರಕ್ಷಣೆಯೂ ಅಲ್ಲ. ಇದಕ್ಕೂ ವಕೀಲರು ಬೇಕು.

ಹಿಂದೆ ಒಮ್ಮೆ ಕೆ-1 ಹಾಕಿ ಸಂಬಂಧ ಮುರಿದಿತ್ತು. ಮತ್ತೆ ಹಾಕಬಹುದೇ?

ಹಿಂದೆ ಎರಡು ಅಥವಾ ಹೆಚ್ಚು ಐ-129ಎಫ್ ಹಾಕಿದ್ದರೆ, ಅಥವಾ ಒಂದು ಮಂಜೂರಾಗಿ ಎರಡು ವರ್ಷ ಕಳೆದಿರದಿದ್ದರೆ ವಿಶೇಷ ವಿನಾಯಿತಿ ಕೇಳಬೇಕು. 2005ರ ಕಾನೂನೊಂದರ ಪ್ರಕಾರ ಅರ್ಜಿದಾರರ ಮೇಲಿನ ಕೆಲವು ಬಗೆಯ ಅಪರಾಧಗಳ ವಿವರವನ್ನು ವಿದೇಶದಲ್ಲಿರುವ ಸಂಗಾತಿಗೆ ತಿಳಿಸಲಾಗುತ್ತದೆ. ಐ-130ಕ್ಕೆ ಇಂಥ ಎಣಿಕೆಯ ಮಿತಿ ಇಲ್ಲ.

ಬಂದ ಮೇಲೆ ಸಿಟಿಜನ್ ಆಗಲು ಎಷ್ಟು ವರ್ಷ? ಷರತ್ತಿನ ಅವಧಿ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. ಪ್ರಜೆಯಾದ ಸಂಗಾತಿಯ ಜೊತೆ ದಾಂಪತ್ಯದಲ್ಲಿ ಒಟ್ಟಿಗೆ ಬಾಳುತ್ತಿದ್ದರೆ ಖಾಯಂ ನಿವಾಸದ ಮೂರು ವರ್ಷಗಳ ನಂತರ, ಇಲ್ಲವಾದರೆ ಐದು ವರ್ಷಗಳ ನಂತರ; ಎರಡರಲ್ಲೂ 90 ದಿನ ಮುಂಚೆಯೇ ಅರ್ಜಿ ಹಾಕಬಹುದು. ಸಿಆರ್-1ರವರಿಗೆ ಈ ಗಡಿಯಾರ ವಿಮಾನ ನಿಲ್ದಾಣದಲ್ಲಿ ಓಡಲು ಶುರು. ಕೆ-1ರವರಿಗೆ ಐ-485 ಮಂಜೂರಾದ ದಿನದಿಂದ. ಷರತ್ತಿನ ಕಾರ್ಡಿನವರು ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ಐ-751 ಹಾಕಲು ಮರೆಯಬಾರದು. ಮರೆತರೆ ಖಾಯಂ ನಿವಾಸವೇ ಕೊನೆಗೊಳ್ಳುತ್ತದೆ.

ಕೆ-1 ಅರ್ಜಿ ಹಾಕಿ ಆರು ತಿಂಗಳಾಯಿತು. ಮನೆಯವರು ಈಗಲೇ ಮದುವೆ ಮಾಡಿಬಿಡೋಣ ಎನ್ನುತ್ತಿದ್ದಾರೆ. ದಾರಿ ಬದಲಾಯಿಸಬಹುದೇ?

ಬದಲಾಯಿಸಬಹುದು, ಆದರೆ ಐ-129ಎಫ್ ಅರ್ಜಿ ಐ-130 ಆಗಿ ಮಾರ್ಪಡುವುದಿಲ್ಲ. ಮದುವೆಯಾದ ಕ್ಷಣ ಹಳೆಯ ಅರ್ಜಿ ನಿಷ್ಪ್ರಯೋಜಕ. ಕಟ್ಟಿದ 675 ಡಾಲರ್ ಹಿಂದೆ ಬರುವುದಿಲ್ಲ, ಕಾದ ಆರು ತಿಂಗಳು ಹೊಸ ಅರ್ಜಿಗೆ ಜಮೆಯಾಗುವುದಿಲ್ಲ. ಕೆ-1 ಅರ್ಜಿ ಇನ್ನೂ ಮೊದಲ ಹಂತದಲ್ಲಿದ್ದು, ಸಂಗಾತಿ ಬಂದ ಕೂಡಲೇ ದುಡಿಯಬೇಕಾದವರಾಗಿದ್ದರೆ ಮನೆಯವರ ಮಾತು ಕೇಳುವುದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು. ಸಂದರ್ಶನದ ತಾರೀಖು ಕೈಯಲ್ಲಿದ್ದರೆ ಅವರನ್ನು ಇನ್ನು ಸ್ವಲ್ಪ ಕಾಲ ಸಮಾಧಾನಪಡಿಸುವುದು ಮೇಲು. ಬದಲಾಯಿಸುವುದೇ ಎಂದಾದರೆ ಮದುವೆಯಾದ ಮೇಲೆ ಐ-130 ಸಲ್ಲಿಸಿ, ಹಳೆಯ ಐ-129ಎಫ್ ಹಿಂತೆಗೆದುಕೊಳ್ಳುತ್ತಿರುವುದಾಗಿ ರಸೀದಿ ಸಂಖ್ಯೆ ನಮೂದಿಸಿ, ಸಹಿ ಮಾಡಿ, ಪತ್ರ ಕಳಿಸಿ.